ಬಟ್ಟೆ ವಿಮಾನದ ಕಾವಲುಗಾರ

ಸುಳ್ಳು ಹೇಳಿ ನಾನು ಯಾವತ್ತೂ ಸಿಕ್ಕಿಬಿದ್ದವನಲ್ಲ. ನಿಜ ಹೇಳೋಕೆ ಹೋದಾಗಲೇ ಮಾನ ಕಳಕೊಂಡಿರೋದು. ಬಿಳಿಕೆರೆ ಹತ್ತಿರದ ವಿಮಾನದ ಕಂಪನಿಗೆ ಕಾವಲಿಗೆ ಸೇರಿದ ಮೇಲಂತೂ ಇದು ದಿನಬೆಳಗಾದರೆ ನಡೆಯೋ ಕಥೆಯಾಯಿತು.

೧. ಗಾಜಿನ ಬಟ್ಟೆ

ಮೊದಲು ಅದು ಕಂಪನಿ ಅನ್ನೋ ಹಾಗೇ ಇರಲಿಲ್ಲ. ಹೊಗೆಸೊಪ್ಪು ತುಂಬುತ್ತಿದ್ದ ಹಳೇ ಶೆಡ್ಡು. ಅದನ್ನು ಬಾಡಿಗೆಗೆ ಹಿಡಿದು ನಾಲ್ಕೈದು ಹುಡುಗರು, ಒಬ್ಬರು ಇಂಜಿನಿಯರಮ್ಮ ಬಂದರು. ಗಾಜಿನ ನೂಲಲ್ಲಿ ನೇಯ್ದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸೋದು, ಅಂಟು ಬಳಿಯೋದು, ಅದರ ಮೇಲೆ ಇನ್ನೊಂದು ಬಟ್ಟೆ ಹಾಸೋದು. ಬಿಸಿಗಿಟ್ಟು ಗಟ್ಟಿಯಾದರೆ ಅದೇ ವಿಮಾನದ ಮೈ. ಕಣ್ಣಾರೆ ಕಂಡು ಬಂದು ನಮ್ಮೂರ ಟೀ ಅಂಗಡೀಲಿ ಹೇಳಿದೆ: "ಬಟ್ಟೆಗೆ ಅಂಟು ಬಳಿದು ವಿಮಾನ ಮಾಡ್ತಾವ್ರೆ ಕಣ್ರಲಾ!"

ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಅಂದ: "ಅಂಗಾದ್ರೆ ನಿನ್ನ ಹಳೇ ಪಂಚೆ ಕೊಟ್ಟು ಬಾರಣ್ಣ. ಒಂದು ಹೆಲಿಕಾಪ್ಟರ್ ಆದ್ರೂ ಆಗ್ಲಿ."

ಎಚ್.ಡಿ. ಕೋಟೆ ಕಾಡಲ್ಲಿ ಅಡ್ಡ ನಿಂತ ಒಂಟಿಸಲಗದ ಕೆನ್ನೆಗೆ ಬಾರಿಸಿ ದಾರಿ ಬಿಡಿಸಿಕೊಂಡೆ ಅಂದಾಗ, "ಯಾವ ಕೆನ್ನೆಗಣ್ಣ?" ಅಂತ ಬಾಯಿ ಬಿಟ್ಟುಕೊಂಡು ಕೇಳಿದ ಮಹಾನುಭಾವನೂ ಇವನೇ!

೨. ದೇವರ ಕೈ

ನನ್ನ ತೋರುಬೆರಳು ಅರ್ಧವೇ ಇರೋದು. ರಾಗಿ ಕೊಯ್ಯುವಾಗ ಕುಡುಗೋಲಿಗೆ ಹೋಯಿತು. ಕಂಪನೀಲಿ ಮಾತ್ರ ಲಕ್ಷ್ಮಣತೀರ್ಥ ಹೊಳೆಯ ಮೊಸಳೆ ಕಚ್ಚಿತು ಅಂತ ಹೇಳಿದ್ದೆ.

ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಿಗೆ ಬೆಂಕಿ ಹಾಕಿ ಎಲೆ ಬೇಯಿಸಿದ ಕೈ ನಂದು. ಮುಟ್ಟಿ ಹದ ಹೇಳೋದರಲ್ಲಿ ಹುಣಸೂರು ತಾಲ್ಲೂಕಿಗೇ ನನ್ನಂಥವನು ಇನ್ನೊಬ್ಬನಿಲ್ಲ. ಈ ಮಾತು ಹೇಳಿದವನೂ ನಾನೇ ಅನ್ನಿ. ಹಾಗಾಗಿ ಅಂಟು ಬಳಿದ ರೆಕ್ಕೆಯನ್ನು ಬಿಸಿಗೂಡಿಗೆ ನೂಕುವ ಮುಂಚೆ, ಯಾರೂ ಇಲ್ಲದ್ದು ನೋಡಿ, ಹದ ಬಂತಾ ಅಂತ ಅಂಗೈ ಒತ್ತಿಬಿಟ್ಟೆ. ಮಾರನೆಯ ದಿನ ರೆಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗಿ ಹೊರಗೆ ಬಂತು. ನಡುಮಧ್ಯೆ ಒಂದು ಹಸ್ತ!

ಇಂಜಿನಿಯರಮ್ಮ ನನ್ನನ್ನು ಕರೆಸಿದರು. "ತಾತ, ಇದು ಯಾರ ಕೈ?"

"ಯಾವ್ದೋ ದೇವ್ರು ಆಶೀರ್ವಾದ ಮಾಡಿರ್ಬೇಕು ಕಣವ್ವ."

ಅವರು ರೆಕ್ಕೆ ನೋಡಿದರು, ನನ್ನ ಕೈ ನೋಡಿದರು. "ಪಾಪ, ದೇವರಿಗೂ ಮೊಸಳೆ ಕಚ್ಚಿತ್ತಾ ತಾತ?"

೩. ಯಾರು ಯಾರನ್ನು ಎತ್ತಿದ್ದು

ಕಂಪನಿ ಬೆಳೆಯಿತು. ದೊಡ್ಡ ಶೆಡ್ಡು ಎದ್ದಿತು, ವಿಮಾನ ಓಡೋಕೆ ಉದ್ದನೆಯ ಟಾರು ಹಾದಿಯಾಯಿತು, ನನಗೆ ಟೋಪಿ ಬಂತು. ಟೋಪಿ ಹಾಕ್ಕೊಂಡು ಪಿರಿಯಾಪಟ್ಟಣದ ನನ್ನ ಭಾವಮೈದನಿಗೆ, "ಒಂದಿಡೀ ರೆಕ್ಕೆ ನಾನೊಬ್ನೇ ಹೊರ್ತೀನಿ ಕಣ್ಲಾ" ಅಂದೆ. ಅದು ನಿಜ. ಅಷ್ಟು ಹಗುರ ಅದು. ನೋಡೇಬಿಡ್ತೀನಿ ಅಂತ ಅವನು ಬಂದೇಬಿಟ್ಟ.

ಹುಡುಗರು ಬೇಡ ಬೇಡ ಅನ್ನುತ್ತಿದ್ದರೂ ರೆಕ್ಕೆಯನ್ನು ತಲೆ ಮೇಲೆ ಹೊತ್ತು ಬಯಲಿಗೆ ಬಂದೆ. ಅಷ್ಟರಲ್ಲಿ ಗಾಳಿ ಬೀಸಿತು. ನಾನು ಮುಂದಕ್ಕೆ ಕಾಲು ಹಾಕಿದರೆ ನೆಲ ಕೆಳಕ್ಕೆ ಹೋಗ್ತಿದೆ! ಬೇಲಿ ದಾಟಿ ಪಕ್ಕದ ಅವರೆ ಹೊಲದಲ್ಲಿ ಇಳಿದೆ. ಹುಡುಗರು ಓಡಿಬಂದು ರೆಕ್ಕೆಗೆ ಏನಾಯ್ತು ಅಂತ ಸವರಿ ಸವರಿ ನೋಡಿದರು. ನನ್ನನ್ನು ಕೇಳಿದವರಿಲ್ಲ.

ಭಾವಮೈದ ಊರಿಗೆಲ್ಲ ಸಾಕ್ಷಿ ಹೇಳಿದ: "ಭಾವ ರೆಕ್ಕೆ ಎತ್ತಿದ್ದು ನಾ ಕಾಣೆ. ರೆಕ್ಕೆ ಭಾವನ್ನ ಎತ್ತಿದ್ದು ಮಾತ್ರ ಕಂಡೆ."

೪. ಪಕ್ಕದ ಸೀಟು

ಕೊನೆಗೂ ಎರಡು ಸೀಟಿನ ವಿಮಾನ ಸಿದ್ಧವಾಯಿತು. ಮೊದಲ ಸಲ ಹಾರೋದಕ್ಕೆ ಒಂದು ವಾರ ಮುಂಚೆ ಇಂಜಿನಿಯರಮ್ಮ ನನ್ನನ್ನು ತಕ್ಕಡಿ ಮೇಲೆ ನಿಲ್ಲಿಸಿದರು. "ಸರಿಹೋಯ್ತು ತಾತ. ಪೈಲಟ್ ಪಕ್ಕದ ಸೀಟಿಗೆ ಇಷ್ಟೇ ತೂಕ ಬೇಕು."

ಇದಕ್ಕಿಂತ ಬಿಡಿಸಿ ಹೇಳಬೇಕಾ? ಊರಿಗೆಲ್ಲ ಸಾರಿದೆ. ಟೀ ಅಂಗಡಿಯವನು ನಕ್ಕ. ಆದರೆ ನನ್ನ ಹೆಂಡತಿ, ಕೈಹಿಡಿದ ದಿನದಿಂದ ನನ್ನ ಒಂದು ಮಾತನ್ನೂ ನಂಬದವಳು, ಅವತ್ತು ನಂಬಿಬಿಟ್ಟಳು! "ತಕ್ಕಡಿಗೆ ನಿಲ್ಸಿದ್ರು ಅಂದ್ಮೇಲೆ ದಿಟವೇಯ" ಅಂದಳು. ನನ್ನ ಬಿಳೀ ಅಂಗಿಗೆ ಇಸ್ತ್ರಿ ಮಾಡಿಸಿದಳು. ಹುಣಸೂರಿಂದ ಹೂವಿನ ಹಾರ ತರಿಸಿದಳು.

ಆ ದಿನ ಬೆಳಗ್ಗೆ ಅಂಗಿ ತೊಟ್ಟು ಹೋಗಿ ನೋಡಿದರೆ ನನ್ನ ಸೀಟಿನಲ್ಲಿ ಒಂದು ಮರಳು ಮೂಟೆ. ಬೆಲ್ಟು ಬೇರೆ ಬಿಗಿದಿದ್ದಾರೆ!

"ಮೊದಲ ಸಲ ಹಾರುವಾಗ ಜನರನ್ನ ಕೂರಿಸಂಗಿಲ್ಲ ತಾತ," ಅಂದರು ಇಂಜಿನಿಯರಮ್ಮ. "ನಿಮ್ಮ ತೂಕಕ್ಕೆ ಮರಳು ತುಂಬಿಸಿದೀವಿ."

ಬೇಲಿಯಾಚೆ ಇಡೀ ಊರು ನಿಂತಿತ್ತು. ಮುಂದೆ ಹಾರ ಹಿಡಿದು ನನ್ನವಳು. ಏನು ಮಾಡಲಿ? ಶೆಡ್ಡಿನ ಹಿಂದೆ ಅಂಟಿನ ಡ್ರಮ್ಮುಗಳ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ವಿಮಾನ ನೆಲ ಬಿಟ್ಟಿತು. "ಓಗ್ತಾವ್ನೆ ಕಣ್ರಲಾ, ಓಗ್ತಾವ್ನೆ!" ಅಂತ ಕೂಗಿದವನು ಯಾರು ಗೊತ್ತಾ? ಆ ಟೀ ಅಂಗಡಿಯವನೇ. ನನ್ನವಳು ಆಕಾಶ ನೋಡುತ್ತಾ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ನಾನೇ ಹಾರುತ್ತಿದ್ದೀನಿ ಅಂತ ಅರೆಗಳಿಗೆ ನಾನೂ ನಂಬಿದ್ದೆ ಸ್ವಾಮಿ!

ವಿಮಾನ ಇಳಿದು ನಿಂತಿತು. ಜನ ಬೇಲಿ ಹಾರಿ ಓಡಿದರು. ಹುಡುಗರು ಬಾಗಿಲು ತೆಗೆದು, ಬೆಲ್ಟು ಬಿಚ್ಚಿ, ಮೂಟೆಯನ್ನು ಕೆಳಗಿಳಿಸಿದರು. ಬೇರೆ ದಾರಿಯಿಲ್ಲದೆ ನಾನು ಡ್ರಮ್ಮಿನ ಮರೆಯಿಂದ ಎದ್ದು ಬಂದೆ.

"ಎಲ್ಲವ್ವ ನಿನ್ನ ಗಂಡ?" ಅಂದ ಟೀ ಅಂಗಡಿಯವನು.

ನನ್ನವಳು ನನ್ನ ಕಡೆ ನೋಡಿದಳು, ಮೂಟೆ ಕಡೆ ನೋಡಿದಳು. ಆಮೇಲೆ ಹಾರವನ್ನು ಮೂಟೆಗೇ ಹಾಕಿದಳು.

"ಇದೇ ವಾಸಿ ಬುಡಿ. ಆಕಾಸಕ್ಕೇ ಓಗ್ಬಂದದೆ, ಒಂದ್ ಮಾತಾದ್ರೂ ಕೊಚ್ಕೊಂತಾ ನೋಡಿ!"