ಅತ್ತಿ ಸಿಂಗಾಪುರ ಸುತ್ತಿ ಲಂಡನ್ನಿಗೆ ಬಂದದ್ದು

ಯಲ್ಲಮ್ಮನ ಆಣಿ, ಇದು ಖರೇನ ನಡದದ್ದು. ಒಂದ ಮಾತು ಸುಳ್ಳಿದ್ರ ನನ್ನ ಮೀಸಿ ಬೋಳಸ್ರಿ. ಲಂಡನ್ ಏರ್‌ಪೋರ್ಟಿನಾಗ ವ್ಹೀಲ್‌ಚೇರ್ ತಳ್ಳೂ ಕೆಲಸ ಮಾಡಿದಾಂವ ನಾ. ಸಾಲಿ ನಾಕನೇ ಇಯತ್ತಾ. ಆದ್ರ ಯಾವ ವಿಮಾನ ಯಾವ ಊರಿಂದ ಬರತೈತಿ, ಯಾವ ಗೇಟಿಗೆ ಹತ್ತತೈತಿ, ಎಲ್ಲಾ ನನ್ನ ಬಾಯಾಗ. ಅಲ್ಲಿ ದಿನಾ ಒಂದಿಲ್ಲೊಂದು ತಮಾಷಿ ಆಗೂದ. ಆದ್ರ ತೊಂಬತ್ತರ ಸುಮಾರಿಗೆ ಧಾರವಾಡದಿಂದ ನಮ್ಮ ಅತ್ತಿನ ಕರಸಿದ ತಮಾಷಿ ಮುಂದ ಉಳದದ್ದೆಲ್ಲಾ ಸಪ್ಪ.

೧. ನಾಕು ಎಂಜಿನ್ನು

ನನ್ನ ಹೇಣ್ತಿ ಚೊಚ್ಚಲ ಬಸರಿ. ಲಂಡನ್ನಿನ ಕಿಂಗ್ಸ್‌ಬರಿ ಫ್ಲ್ಯಾಟಿನಾಗ ಕುಂತು, "ನಮ್ಮವ್ವ ಬರೂತನಾ ನಾ ಹಡಿಯೂದಿಲ್ಲ" ಅಂತ ಅಳತಿದ್ಲು. ಹಡಿಯೂದನ್ನ ಹಂಗ ತಡಿಯಾಕ ಬರತೈತೇನ್ರಿ? ದಿನಾ ತುಂಬಾಕ ಬಂದಿದ್ವು.

ಧಾರವಾಡಕ್ಕ ಅತ್ತಿ ಮನಿಗೆ ಫೋನ್ ಹಚ್ಚಿದ್ವಿ. ಅಕಿ ಅಳಿಯನ ಕೂಡ ಮಾತಾಡಾಕಿ ಅಲ್ಲ. ಹಳೀ ಮಂದಿ, ಅಳಿಯನ ಮುಂದ ಸೆರಗು ಎಳಕೊಂಡು ಮಾರಿ ಮುಚ್ಚೂದು. ಫೋನಿನಾಗ ಮಾರಿ ಎಲ್ಲಿಂದ ಕಾಣಬೇಕು? ಆದ್ರೂ ಮಗಳ ಕಡಿಂದನ ಕೇಳಸೂದು.

"ಏನ್ರಿ, ವಿಮಾನಕ್ಕ ಎಷ್ಟು ಎಂಜಿನ್ ಅದಾವು ಅಂತ ಅವ್ವ ಕೇಳತಾಳ."

ನಾ ಎದಿ ಉಬ್ಬಿಸಿ ಹೇಳಿದೆ, "ಎರಡರದಲ್ಲ, ಖಾಸಾ ನಾಕು ಎಂಜಿನ್ನಿನ ವಿಮಾನನ ಹುಡಕೇನಿ. ಒಂದು ಕೆಟ್ರ ಇನ್ನೂ ಮೂರು ಇರತಾವು ಅಂತ ಹೇಳು."

ಆ ಮಾತು ಅವ್ವಗ ಮುಟ್ಟಿತು. ಆಮ್ಯಾಲ ಹೇಣ್ತಿ ಫೋನಿನ ಬಾಯಿ ಮುಚ್ಚಿ ಅಂದ್ಲು, "ಅವ್ವ ಅಂತಾಳ, ಅಷ್ಟು ಹೆಚ್ಚಿಗಿ ಹಚ್ಯಾರಂದ್ರ ಮಾಡಿದಾಂವಗ ಒಂದರ ಮ್ಯಾಲೂ ಭರೋಸಾ ಇಲ್ಲ ಅಂತ."

೨. ಶುಕ್ರವಾರ ಪಶ್ಚಿಮಕ್ಕ ಬ್ಯಾಡ

ನಮ್ಮ ಟಿಕೆಟ್ ಏಜಂಟ ಒಬ್ಬ ಗುಜರಾತಿ. ಮುಂಬೈಯಿಂದ ಲಂಡನ್ನಿಗೆ ಶುಕ್ರವಾರ ಒಂದ ಸೀಟು ಐತಿ, ಅದು ಬಿಟ್ರ ಮುಂದಿನ ತಿಂಗಳ ಅಂದ. ಮುಂದಿನ ತಿಂಗಳಂದ್ರ ಕೂಸು ತೊಟ್ಟಲದಾಗ ಇರತೈತಿ.

ಅತ್ತಿಗೆ ಹೇಳಿದ್ರ, "ಶುಕ್ರವಾರ ಪಶ್ಚಿಮಕ್ಕ ಹೊಂಟ್ರ ದಿಕ್‌ಶೂಲದ ದೋಷ. ಬಸರಿ ಮನಿಗೆ ಕೆಟ್ಟ ಗಳಿಗ್ಯಾಗ ಕಾಲಿಡೂದಿಲ್ಲ" ಅಂತ ಕುಂತ್ಲು. ಹೇಣ್ತಿ ಮತ್ತ ಅಳಾಕ ಹತ್ತಿದ್ಲು.

ನಾ ಏಜಂಟಗ ಅಂದೆ, "ಪಶ್ಚಿಮಕ್ಕ ಬ್ಯಾಡಾದ್ರ ಪೂರ್ವಕ್ಕ ಕಳಸು. ಶುಕ್ರವಾರ ಸಿಂಗಾಪುರಕ್ಕ. ಶನಿವಾರ ಅಲ್ಲಿಂದ ಲಂಡನ್ನಿಗೆ. ಶನಿವಾರ ಪಶ್ಚಿಮಕ್ಕ ದೋಷಿಲ್ಲ."

ಅಂವ ಕನ್ನಡಕ ತಗದಿಟ್ಟ. "ಭಾಯಿ, ಲಂಡನ್ ಈ ಕಡೆ. ನೀವು ಅತ್ತೀನ ಕರಸಾಕತ್ತೀರೋ, ಓಡಸಾಕತ್ತೀರೋ?"

ಆದ್ರೂ ಟಿಕೆಟ್ ಕೊಟ್ಟ. ಆವತ್ತು ಫೋನಿನಾಗ ಅತ್ತಿ ಹೇಳಿ ಕಳಿಸಿದ್ಲು, "ಅಳಿಯ ಶಾಣ್ಯಾ ಅದಾನ ಅಂತ ಇವತ್ತ ಗೊತ್ತಾತು." ಮದವಿ ಆಗಿ ಆರು ವರ್ಷ ಆಗಿತ್ರಿ!

೩. ಗಾಡ್ಯಾಗ ಕುಂತು ಬಂದಾವ್ರು

ಅತ್ತಿ ಬರೂ ದಿನಾ ನನ್ನ ಜೋಡಿ ಕೆಲಸ ಮಾಡೂ ಸರದಾರ್ಜಿಗೆ ಅಂದೆ, "ನೋಡ್ತಿರು, ಈ ವ್ಹೀಲ್‌ಚೇರ್ ಗಾಡ್ಯಾಗ ನಮ್ಮ ಅತ್ತಿ ರಾಣಿಯಂಗ ಕುಂತು ಬರತಾಳ. ನಾ ತಳ್ಳತೇನಿ."

"ಯಾವ ಅತ್ತಿ ಅಳಿಯನ ಕೈಲೆ ತಳ್ಳಿಸಿಕೋತಾಳೋ ದೋಸ್ತ?" ಅಂದ ಅಂವ ಹಿಂದ್ಯಾಗ.

"ಪಂತ! ಕಿಸೇದಾಗ ಇದ್ದಷ್ಟೂ ರೊಕ್ಕ!"

ನಮ್ಮ ಟರ್ಮಿನಲ್ಲು ಕೈಯಿದ್ಹಂಗ. ನಡಕ ಅಂಗೈ, ಬೆರಳಿನ ತುದಿಗೊಂದು ವಿಮಾನ. ಒಂದು ಬೆರಳಿಂದ ಇನ್ನೊಂದಕ್ಕ ಹೋಗಬೇಕಂದ್ರ ತಿರುಗಿ ಅಂಗೈಗೇ ಬರಬೇಕು. ಬೋರ್ಡ್ ನೋಡಾಕ ನಾ ಏನ್ ಪ್ಯಾಸೆಂಜರ? ಸಿಂಗಾಪುರದ ವಿಮಾನ ದಿನಾ ನಿಂದರೂ ಹೆಬ್ಬೆರಳಿಗೇ ಹೋದ್ವಿ. ಆವತ್ತು ಅದನ್ನ ಕಿರಿಬೆರಳಿಗೆ ಹಚ್ಚಿದ್ರು!

ಖಾಲಿ ಗಾಡಿ ತಳ್ಳಿಕೋತ ಓಡಿದೆ, ಸರದಾರ್ಜಿ ನನ್ನ ಬೆನ್ನ ಹಿಂದ. ನುಣ್ಣನ್ನ ನೆಲ, ಕಾಲು ಜಾರಿ ಉಳಕಿತು. ಕುಂಟಿಕೋತ ಹೋಗಿ ನೋಡ್ತೇನಿ, ಮಂದಿ ಎಲ್ಲಾ ಹೋಗ್ಯಾರ, ಅತ್ತಿ ಒಬ್ಬಾಕಿನ ನಿಂತಾಳ. ತಲಿ ಮ್ಯಾಲ ಸೆರಗು, ಬಗಲಾಗ ಬಾಣಂತಿಗೆ ಮಾಡಿದ ಅಂಟಿನುಂಡಿ ಡಬ್ಬಿ.

"ಕುಂದರ್ರಿ ಅತ್ತಿ."

ಅಕಿ ಸರದಾರ್ಜಿ ಕಡೆ ತಿರುಗಿದ್ಲು. ಅವಗ ಕನ್ನಡ ಬರೂದಿಲ್ಲ, ಆದ್ರೂ ಅವಗ ಹೇಳಿದ್ಲು, "ನಾ ಗಾಡ್ಯಾಗ ಕುಂತು ಹೋದ್ರ, ಅವ್ವಗ ಏನಾತೋ ಅಂತ ಮಗಳು ಎದಿ ಒಡಕೋತಾಳ. ತುಂಬಿದ ಬಸರಿ. ನಾ ನಡದ ಬರತೇನಿ. ಅಳಿಯಂದ್ರ ಕಾಲು ಬಾತೈತಿ, ಅವರ ಕುಂದರ್ಲಿ. ನಾ ಹಿಂದಿಂದ ತಳ್ಳಿದ್ರ ನನ್ನ ಮಾರಿ ಅವರಿಗೆ ಕಾಣೂದಿಲ್ಲ, ಮರ್ಯಾದಿನೂ ಉಳಿತೈತಿ."

ನಾ ಒಲ್ಲೆ ಅಂದೆ. ಕಾಲು ಕೇಳಲಿಲ್ಲ.

ಹೊರಗ ಹೇಣ್ತಿ ಕಟಾಂಜನ ಹಿಡಕೊಂಡು ನಿಂತಿದ್ಲು, ಮಾರಿ ಇಷ್ಟು ಸಣ್ಣದು ಮಾಡಿಕೊಂಡು. ಬಾಗಲಾ ತೆರೀತು. ಗಾಡ್ಯಾಗ ನಾ, ನನ್ನ ತೊಡಿ ಮ್ಯಾಲ ಅಂಟಿನುಂಡಿ ಡಬ್ಬಿ, ಹಿಂದ ಸೆರಗು ಹೊತಗೊಂಡು ನಮ್ಮ ಅತ್ತಿ, ಜೋಳದ ಚೀಲ ತಳ್ಳಿದ್ಹಂಗ ತಳ್ಳಾಕತ್ತಾಳ. ಹೇಣ್ತಿ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ಲು. ನಕ್ಕು ನಕ್ಕು ಅವ್ವನ ಕೊರಳಿಗೆ ಬಿದ್ದು ಅತ್ಲು.

"ತಡಾ ಆತೇನ ನನ್ನವ್ವ?" ಅಂದ್ಲು ಅತ್ತಿ, ಮಗಳ ಗಲ್ಲಾ ಹಿಡದು.

"ಇಲ್ಲ ಬೇ. ಕೂಸು ಇನ್ನೂ ನಿನ್ನ ಹಾದಿ ಕಾಯಾಕತ್ತೈತಿ."

ನನ್ನ ಕಣ್ಣಾಗೂ ನೀರು ಬಂತು. ಕಾಲು ನೋಯತಿತ್ರಿ, ಅದಕ್ಕ. ಸರದಾರ್ಜಿ ಮಾತ್ರ ನನ್ನ ಮೂಗಿನ ಮುಂದ ಅಂಗೈ ಚಾಚಿ ನಿಂತಿದ್ದ. ಗಾಡ್ಯಾಗ ಕುಂತ ಕಿಸೆ ಝಾಡಿಸಿದೆ: ಹನ್ನೊಂದು ಪೌಂಡು, ನಲವತ್ತು ಪೆನ್ಸ್.