ಎಡ್ನಾ ಅಜ್ಜಿಗೊಂದು ಸನ್ಮಾನ

ಚನ್ನವೀರ ಬಾಯಿ ಬಿಟ್ಟದ್ದೇ ತಪ್ಪಾಯಿತು. ಅಮೆರಿಕದ ಬಾಥೆಲ್‌ನಲ್ಲಿ ಅವನ ಪಕ್ಕದ ಬೀದಿಯ ಎಡ್ನಾ ಫೇರ್‌ಲೋ, ಮಗಳ ಮನೆಯಲ್ಲಿದ್ದ ಇಂಗ್ಲೆಂಡಿನ ಮುದುಕಿ, ಒಂದು ಕಾಲದಲ್ಲಿ ನೋವು ತೋಡಿಕೊಳ್ಳುವ ಬ್ಲೂಸ್ ಹಾಡಿ, ಆಮೇಲೆ ಪಾಪ್ ಹಾಡಿ ಹೆಸರಾದವಳು. ಭಾನುವಾರ ಸಂಜೆ ವಿಮಾನ ಹತ್ತಿ ಶಾಶ್ವತವಾಗಿ ತನ್ನೂರಿಗೆ ಹೊರಟಿದ್ದಳು. ಹೋಗುವ ಮೊದಲು ತನಗಾಗಿ ಒಂದು ಹಾಡು ಹಾಡಲು ಒಪ್ಪಿದ್ದಾಳೆ ಎಂದು ಚನ್ನವೀರ ಕನ್ನಡ ಕೂಟದ ಅಧ್ಯಕ್ಷ ಪ್ರಶಾಂತನ ಮುಂದೆ ಹೇಳಿಬಿಟ್ಟ.

"ಅಂಥೋರನ್ನ ಸನ್ಮಾನ ಮಾಡ್ದೆ ಕಳಿಸೋದಾ ಸರ್? ಭಾನುವಾರ ಬೆಳಿಗ್ಗೆಗೇ ಹಾಲ್ ಬುಕ್ ಮಾಡ್ತೀನಿ," ಎಂದ ಪ್ರಶಾಂತ.

"ಒಂದ ಹಾಡು, ಅಷ್ಟ ರೀ. ಗದ್ದಲ ಬ್ಯಾಡ."

ಚನ್ನವೀರನ ಹೆಂಡತಿ ವಿಜಯಶ್ರೀ ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಎಡ್ನಾಳ ನದಿಯ ಹಾಡೊಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳು ಹೋದ ಮೇಲೆ ಆ ಹಾಡನ್ನು ಫೋನಿನಲ್ಲಿ ಹಾಕಲು ಅವನಿಗೆ ಧೈರ್ಯವಾಗಿರಲಿಲ್ಲ. ಹಾಡಿದವಳ ಬಾಯಿಂದಲೇ ಒಮ್ಮೆ ಕೇಳಿದರೆ ಎದೆಯ ಭಾರ ಇಳಿದೀತು ಎಂದು ನಂಬಿ ಕೂತಿದ್ದ.

ಭಾನುವಾರ ದೇವಸ್ಥಾನದ ಸಭಾಂಗಣ ತುಂಬಿತು. ಪ್ರಾರ್ಥನೆ ಆಯಿತು. ವಸಂತಲಕ್ಷ್ಮಿ ಸ್ವಾಗತಕ್ಕೆ ನಿಂತು, ಊಟದ ಪ್ರಾಯೋಜಕರಿಂದ ಹಿಡಿದು ಕುರ್ಚಿ ಜೋಡಿಸಿದವರವರೆಗೆ ಒಬ್ಬರನ್ನೂ ಬಿಡದೆ ಸ್ವಾಗತಿಸಿದಳು. ಕಾರ್ಯದರ್ಶಿ ತ್ರಿವಿಕ್ರಮ ಬ್ಲೂಸಿಗೂ ವಚನಕ್ಕೂ ಇರುವ ನಂಟನ್ನು ಹೇಳಹೊರಟು, ದಾರಿ ತಪ್ಪಿ ತನ್ನ ಪಿಎಚ್‌ಡಿ ತಲುಪಿದ. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ತೊಡಿಸಿದ ಮೈಸೂರು ಪೇಟ ಅಜ್ಜಿಯ ಮೂಗಿನ ತನಕ ಇಳಿಯಿತು. ಪಾಪ, ಅದರೊಳಗಿಂದಲೇ ಅವಳು ಎಲ್ಲರಿಗೂ ಕೈಮುಗಿದಳು.

ವಿಮಾನಕ್ಕೆ ಹೊತ್ತಾಗುತ್ತದೆಂದು ಅವಳ ಮಗಳು ಗಡಿಯಾರ ನೋಡತೊಡಗಿದ್ದಳು. ಚನ್ನವೀರ ಪ್ರಶಾಂತನ ಜುಬ್ಬಾ ಜಗ್ಗಿದ.

"ಮುಗಸ್ರೀ ಸಾಕು. ಆಕಿ ಹಾಡಬೇಕು."

"ಕಲಾವಿದರ ಪರಿಚಯ ಇಲ್ದೆ ಹಾಡ್ಸೋದು ಹೇಗೆ ಸರ್? ನೀವೇ ಎರಡು ಮಾತು ಹೇಳ್ಬಿಡಿ."

ಎರಡೇ ಮಾತು ಎಂದು ನಿಶ್ಚಯಿಸಿ ಚನ್ನವೀರ ಮೈಕು ಹಿಡಿದ. ಅಜ್ಜಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದ. ಹುಡುಗಿಯಾಗಿದ್ದಾಗ ಬಂದರಿನ ಹೆಂಡದಂಗಡಿಯಲ್ಲಿ ಹಾಡಿದ್ದು, ಪಾಪ್ ಹಾಡಿದಳೆಂದು ಬ್ಲೂಸಿನವರು ಮುಖ ತಿರುಗಿಸಿದ್ದು, ಕೇಳುವವರಿಲ್ಲದೆ ಹಡಗಿನ ಹೋಟೆಲಿನಲ್ಲಿ ತಟ್ಟೆಗಳ ಸದ್ದಿನ ನಡುವೆ ಹಾಡಿದ್ದು, ಮುಪ್ಪಿನಲ್ಲಿ ಜನ ಮತ್ತೆ ಹುಡುಕಿ ಬಂದದ್ದು. ಮನೆಯಲ್ಲಿ ಒಂಟಿಯಾಗಿ ಕೂತು ಅವಳ ಬಗ್ಗೆ ಓದಿದ್ದೆಲ್ಲ ತಾನಾಗಿ ಹೊರಬಂತು. ಅಜ್ಜಿ ಪೇಟ ಮೇಲೆತ್ತಿ ಕೇಳುತ್ತಿದ್ದಳು. ಅವಳ ಕಣ್ಣು ತುಂಬಿದ್ದು ಕಂಡು ಅವನಿಗೆ ಇನ್ನಷ್ಟು ಮಾತು ಬಂತು. ವಿಜಯಶ್ರೀಯ ಬಗ್ಗೆ ಅವನು ಯಾರೆದುರೂ ಆಡಿದವನಲ್ಲ. ಅಂದು ಅದನ್ನೂ ಆಡಿದ.

"ಈಗ ಎಡ್ನಾ ಹಾಡುತ್ತಾರೆ," ಎಂದು ಅವನು ತಿರುಗಿದಾಗ ಮಗಳು ತಾಯಿಗೆ ಕೋಟು ತೊಡಿಸುತ್ತಿದ್ದಳು.

"ನನ್ನ ಬದುಕನ್ನ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಚನ್ನ," ಎಂದು ಅಜ್ಜಿ ಅವನ ಕೈ ಹಿಡಿದಳು. "ಹಾಡಬೇಕು ಅಂತಾನೇ ಬಂದಿದ್ದೆ. ನೀನು ಮುಗಿಸಲೇ ಇಲ್ಲವಲ್ಲ. ಕಾರಿನ ತನಕ ಬಾ, ನಾಲ್ಕು ಸಾಲಾದರೂ ಹಾಡ್ತೀನಿ."

ಅವನು ಹಿಂದೆಯೇ ಹೊರಟ. ಬಾಗಿಲಲ್ಲಿ ಅಭಿನಂದಿಸುವವರು ಮುತ್ತಿಕೊಂಡರು. ವಸಂತಲಕ್ಷ್ಮಿ ಕಣ್ಣೊರೆಸುತ್ತ ಅವನ ಎರಡೂ ಕೈ ಹಿಡಿದಳು. ಬಿಡಿಸಿಕೊಂಡು ಓಡುವಷ್ಟರಲ್ಲಿ ಕಾರು ಹೊರಟಿತ್ತು. ಜಿನುಗು ಮಳೆಗೆ ಗಾಜು ಏರಿಸಿದ್ದರು. ಒಳಗೆ ಪೇಟ ತೊಟ್ಟ ಅಜ್ಜಿ ಅವನನ್ನೇ ನೋಡುತ್ತ ಹಾಡುತ್ತಿದ್ದಳು. ತುಟಿ ಆಡುವುದಷ್ಟೇ ಅವನಿಗೆ ಕಂಡಿತು. ಕಾರು ರಸ್ತೆಗೆ ಇಳಿಯಿತು.

ಪ್ರಶಾಂತ ಏದುಸಿರು ಬಿಡುತ್ತ ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ಮುಂದಿನ ತಿಂಗಳು ಸಿತಾರ್ ವಿದ್ವಾಂಸರು ಬರ್ತಿದಾರೆ ಸರ್. ಪರಿಚಯ ನೀವೇ ಮಾಡ್ಬೇಕು. ಹಾಡೋರು ಬೇಕಾದಷ್ಟು ಜನ ಸಿಗ್ತಾರೆ, ಇಷ್ಟು ಚೆನ್ನಾಗಿ ಮಾತಾಡೋರು ಸಿಗಲ್ಲ."