ಮೊಟ್ಟೆ ತಿಂದ ಮೈ

ಬೆಳಗಿನ ಹಾಜರಿಯ ಹೊತ್ತಿಗೆ ಜವರಮ್ಮನ ರವಿಕೆಯ ಹುಕ್ಕೊಂದು ಕಿತ್ತು, ಹಾರಿ, ತೋಟದ ಲೆಕ್ಕ ಬರೆಯುವ ರೈಟರ್ ಶಶಿಕಿರಣನ ಕಾಫಿ ಲೋಟಕ್ಕೆ ಬಿತ್ತು. ರಗಳೆ ಶುರುವಾದದ್ದು ಅಲ್ಲಿಂದ.

ಜವರಮ್ಮ ಬಾಳೂರಿನ ಆ ತೋಟದಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವವಳು. ರೈಟರ ಕೋಣೆಯಿಂದ ಮಕ್ಕಳಿಗೆ ಬರುತ್ತಿದ್ದ ಬೇಯಿಸಿದ ಮೊಟ್ಟೆ ಮಳೆಗಾಲದಿಂದ ಕಡಿಮೆ ಬೀಳುತ್ತಿತ್ತು. ಜವರಮ್ಮ ಅದೇ ಮಳೆಗಾಲದಿಂದ ದಪ್ಪಗಾಗುತ್ತಿದ್ದಳು. ದೋಟಿಯಂತೆ ಸಣಕಲಾಗಿದ್ದ ಶಶಿಕಿರಣ ಲೋಟದಿಂದ ಹುಕ್ಕು ತೆಗೆದು, ಎರಡು ಸಂಗತಿಯನ್ನೂ ಕೂಡಿಸಿ, ಮೊಟ್ಟೆ ಎಲ್ಲಿ ಹೋಯಿತೆಂದು ಎಲ್ಲರಿಗೂ ಕೇಳುವಂತೆ ಹೇಳಿದ.

ತಾನು ತಿನ್ನುವುದು ಹೊತ್ತಿಗೊಂದು ರೊಟ್ಟಿ, ಬಿಸಿಲಲ್ಲೂ ಚಳಿಯಾಗುತ್ತದೆ, ನಿಂತಲ್ಲೇ ನಿದ್ದೆ ಬರುತ್ತದೆ ಎಂದು ಜವರಮ್ಮ ಹೇಳಿಕೊಂಡಳು. ಹೊಟ್ಟೆ ತುಂಬಿದವರಿಗೇ ನಿದ್ದೆ ಬರುವುದೆಂದು ಮೇಸ್ತ್ರಿ ತೀರ್ಪು ಕೊಟ್ಟ. ಪಕ್ಕದ ಮನೆಯ ಭುವನಾ ಮಾತ್ರ ಸಮಾಧಾನ ಮಾಡಿದಳು: “ತಿಂದಿದ್ರೆ ತಿಂದಿದೀನಿ ಅನ್ನು ಮಾರಾಯ್ತಿ. ನಮಗೇನು ಹೊಟ್ಟೆಯುರಿ ಇಲ್ಲ.”

ಅಷ್ಟರಲ್ಲಿ ತೋಟದ ಒಡೆಯ, ಸಾವ್ಕಾರ್ರು ಪ್ರಶಾಂತ್ ಜೀಪಿನಿಂದ ಇಳಿದರು. ಮೊದಲು ಹೊಟ್ಟೆ ಇಳಿಯಿತು, ಆಮೇಲೆ ಅವರು. ಆ ಹೊಟ್ಟೆಗೆ ತೋಟದಲ್ಲಿ ಮೈಕಟ್ಟು ಎಂದು ಹೆಸರು. ಜವರಮ್ಮನನ್ನು ಕಾಫಿ ಮೂಟೆ ತೂಗುವ ತಕ್ಕಡಿಗೆ ಹತ್ತಿಸಿದರು. ಒಂದೂವರೆ ಮೂಟೆ ಬಂತು. ತಕ್ಕಡಿ ಸರಿಯಿದೆಯೇ ಎಂದು ನೋಡಲು ಸಾವ್ಕಾರ್ರು ತಾವೇ ಹತ್ತಿದರು. ಎರಡು ಮೂಟೆ ದಾಟಿತು. ತಕ್ಕಡಿ ಕೆಟ್ಟಿದೆ ಎಂದ ಶಶಿಕಿರಣ.

“ಕೆಟ್ಟಿದ್ರೆ ನಂಗೂ ಕೆಟ್ಟಿದೆ ಅಲ್ವಾ?” ಎಂದಳು ಜವರಮ್ಮ. “ಡಾಕ್ಟ್ರು ನೋಡ್ಲಿ ಸಾವ್ಕಾರ್ರೆ. ತಿಂದು ಬಂದ ಮೈ ಅಂದ್ರೆ ನಾಳೆಯಿಂದ ನಾನು ಕೆಲಸಕ್ಕೆ ಬರಲ್ಲ.”

ಮಂಡಿನೋವಿಗೆಂದು ಮೂಡಿಗೆರೆಗೆ ಹೊರಟಿದ್ದ ಸಾವ್ಕಾರ್ರು ಅವಳನ್ನೂ ಜೀಪಿನ ಹಿಂದೆ ಹತ್ತಿಸಿಕೊಂಡರು. ಡಾಕ್ಟರ್ ರಂಜಿತಾ ಜವರಮ್ಮನ ಕುತ್ತಿಗೆ ಮುಟ್ಟಿ ನೋಡಿದರು. ಅವಳ ರಕ್ತ ತೆಗೆದು, ಕೇಳದಿದ್ದರೂ ಸಾವ್ಕಾರ್ರದ್ದನ್ನೂ ತೆಗೆದರು. ಸಂಜೆ ಇಬ್ಬರನ್ನೂ ಕೂರಿಸಿಕೊಂಡರು.

“ಇವರ ಥೈರಾಯಿಡ್ ಮಂದ ಆಗಿದೆ. ಸಣ್ಣ ಉರಿಯಲ್ಲಿಟ್ಟ ಒಲೆ ಇದ್ದ ಹಾಗೆ. ಕಮ್ಮಿ ತಿಂದ್ರೂ ಮೈ ಬರತ್ತೆ, ಊದತ್ತೆ, ರಕ್ತದಲ್ಲಿ ಕೊಬ್ಬು ಏರತ್ತೆ. ದಿನಾ ಖಾಲಿ ಹೊಟ್ಟೇಲಿ ಮಾತ್ರೆ ತಗೊಳ್ಳಿ ಜವರಮ್ಮ. ಇದು ತಿಂದು ಬಂದದ್ದಲ್ಲ.”

ಸಾವ್ಕಾರ್ರು ಆಸೆಯಿಂದ ಮುಂದೆ ಬಾಗಿದರು. “ನಂದೂ ಅದೇ ಅಲ್ವಾ ಡಾಕ್ಟ್ರೆ?”

“ನಿಮ್ಮ ಥೈರಾಯಿಡ್ ಚೆನ್ನಾಗಿದೆ. ಶುಗರ್ ಜಾಸ್ತಿ ಇದೆ. ನಿಮ್ಮದು ತಿಂದದ್ದೇ.”

ಬಾಳೂರಿನಲ್ಲಿ ಜೀಪಿನಿಂದ ಇಳಿದ ಮೇಲೆ ಸಾವ್ಕಾರ್ರು, ಜವರಮ್ಮ ಕದ್ದಿಲ್ಲ, ಅದು ಕಾಯಿಲೆ ಎಂದು ಸಾರಿದರು. ತಮ್ಮ ವಿಷಯ ಸಾರಲಿಲ್ಲ. ಅವಳ ಕೆಲಸ ಉಳಿಯಿತು.

ಜವರಮ್ಮ ತಪ್ಪದೆ ಮಾತ್ರೆ ನುಂಗಿದಳು. ಕಾಫಿ ಹಣ್ಣಾಗುವ ಹೊತ್ತಿಗೆ ಮುಖದ ಬಾವು ಇಳಿದು, ನಿಂತಲ್ಲೇ ಬರುತ್ತಿದ್ದ ನಿದ್ದೆ ಹೋಗಿ, ರವಿಕೆ ಸಡಿಲವಾಯಿತು. ಮೊಟ್ಟೆ ಮಾತ್ರ ಕಡಿಮೆ ಬೀಳುತ್ತಲೇ ಇತ್ತು. ಮತ್ತೊಂದು ಬೆಳಗಿನ ಹಾಜರಿಯಲ್ಲಿ ಸಾವ್ಕಾರ್ರು ರೈಟರನ್ನು ಕರೆದು ಕಾರಣ ಕೇಳಿದರು.

ಕೋಣೆಯೊಳಗಿಂದ ಅವಸರದಲ್ಲಿ ಬಂದ ಶಶಿಕಿರಣ ಜವರಮ್ಮನನ್ನು ಮೇಲಿಂದ ಕೆಳಗೆ ನೋಡಿದ.

“ಅವಳೇ ತಿಂತಿದ್ರೆ ಮೈಯಲ್ಲಿ ಕಾಣ್ಬೇಕಿತ್ತು ಸಾವ್ಕಾರ್ರೆ. ಹೇಗೆ ಇಳಿದಿದ್ದಾಳೆ ನೋಡಿ,” ಎಂದ. “ಮಾರ್ತಿದ್ದಾಳೆ.”

ಮೀಸೆಗೆ ಅಂಟಿದ್ದ ಹಳದಿ ಪುಡಿಯನ್ನು ಒರೆಸಿಕೊಂಡು, ಎದುರಿಗೇ ನಿಂತಿದ್ದ ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿದ.